ಹಿಂದಿನ ಎರಡು ಸ್ಪೀಕರ್‌ಗೆ ದುಡ್ಡೆಲ್ಲ ಸುರೀಬೇಡಿ, ಮೊದ್ಲು ಸೆಂಟರ್ ಸ್ಪೀಕರ್ ತಗೊಳ್ಳಿ

ರಿಸೀವರ್ (ಸದ್ದನ್ನ ಎಲ್ಲಾ ಸ್ಪೀಕರ್‌ಗೂ ಹಂಚೋ ಆಂಪ್ಲಿಫೈಯರ್ ಡಬ್ಬಿ) ಇದೆ, ಮುಂದಕ್ಕೆ ಶೆಲ್ಫ್ ಮೇಲೆ ಕೂರೋ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಇದೆ, ಕೈಲಿ 20 ಸಾವಿರ ಇದೆ, ಸೋಫಾ ಹಿಂದಿನ ಗೋಡೆಗೆ ಅಂಟ್ಕೊಂಡಿದೆ, ಸರೌಂಡ್‌ಗೆ, ಅಂದ್ರೆ ಹಿಂದಿನ ಜೋಡಿಗೆ, ನೆಲದ ಮೇಲೆ ನಿಲ್ಲೋ ಟವರ್ ತಗೊಳ್ಳಲಾ ಎರಡು ದಿಕ್ಕಿಗೆ ಸದ್ದು ಬಿಡೋ ಬೈಪೋಲ್ ತಗೊಳ್ಳಲಾ ಅಂತ ಕೇಳಿದೀರಿ. ಕೊನೇಲಿ "ಸೆಂಟರ್ ಸ್ಪೀಕರ್ ಮುಂದಿನ ವರ್ಷ ನೋಡ್ಕೊಳ್ತೀನಿ, ಅಮ್ಮ ಸೀರಿಯಲ್ ನೋಡೋಕೆ ಈಗಿರೋದೇ ಸಾಕು" ಅಂತ ಒಂದು ಸಾಲು ಬರ್ದಿದೀರಲ್ಲ (ಸೆಂಟರ್ ಅಂದ್ರೆ ಟಿವಿ ಹತ್ರ ಸರಿ ಮಧ್ಯ ಇಡೋ, ಮಾತು ಬರೋ ಸ್ಪೀಕರ್), ಅದನ್ನ ಓದಿ ಸುಮ್ನೆ ಮುಂದಕ್ಕೆ ಹೋಗೋಕೆ ನನ್ ಕೈಲಿ ಆಗ್ಲಿಲ್ಲ. 2016ರಲ್ಲಿ ನಾನೂ ಅಕ್ಷರಶಃ ಇದೇ ಲೆಕ್ಕ ಹಾಕಿದ್ದೆ.

ಆಗ ನಾವಿದ್ದಿದ್ದು ಬೆಂಗಳೂರಿನ ವಿಜಯನಗರದಲ್ಲಿ, ಬಾಡಿಗೆ ಮನೆ, ಫಸ್ಟ್ ಫ್ಲೋರು. ಹಾಲ್ 10 ಅಡಿ ಅಗಲ, 13 ಅಡಿ ಉದ್ದ, ಕೆಳಗೆ ಪೂರ್ತಿ ಟೈಲ್ಸ್. ಅಪ್ಪ ರಿಟೈರ್ ಆಗಿ ಹಾಸನದಿಂದ ನಮ್ ಜೊತೆ ಇರೋಕೆ ಬಂದಿದ್ರು. ಅವ್ರಿಗೆ ಕಿವಿ ಸ್ವಲ್ಪ ಮಂದ ಆಗ್ತಾ ಇತ್ತು, ಟಿವಿ ಸೌಂಡ್ ಜಾಸ್ತಿ ಇಟ್ರೆ ಒಳಗಡೆ ಮಗು ಎದ್ಬಿಡೋದು, ಕಮ್ಮಿ ಇಟ್ರೆ ಅಪ್ಪಂಗೆ ಮಾತು ಹಿಡೀತಿರ್ಲಿಲ್ಲ. ಸಿನಿಮಾ ಅಂದ್ರೆ ಪ್ರಾಣ ಅವ್ರಿಗೆ, ಹಾಸನದಲ್ಲಿ ಹೊಸ ಪಿಕ್ಚರ್ ಬಂದ್ರೆ ಮೊದಲ ವಾರದಲ್ಲೇ ನೋಡ್ಕೊಂಡ್ ಬರೋರು, ಇಲ್ಲಿ ಬಂದ್ಮೇಲೆ ಬಸ್ಸು ಟ್ರಾಫಿಕ್ಕು ಅಂತ ಅದೂ ನಿಂತೋಗಿತ್ತು. ಮನೇಲೇ ಥಿಯೇಟರ್ ಥರ ಮಾಡ್ಕೊಡೋಣ ಅಂತ ಆ ವರ್ಷ ಬೋನಸ್ ಬಂದಾಗ 35 ಸಾವಿರ ಎತ್ತಿಟ್ಟೆ. ಸೆಕೆಂಡ್ ಹ್ಯಾಂಡ್ ರಿಸೀವರ್ ಒಂದು ಮೊದ್ಲೇ ಇತ್ತು, ಮುಂದಕ್ಕೆ ಪುಟ್ಟ ಬುಕ್‌ಶೆಲ್ಫ್ ಜೋಡಿನೂ ಇತ್ತು. ನಿಮ್ದೂ ಅದೇ ಅಲ್ವಾ.

ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದೆ. ಅಂಗಡೀಲಿ ಡೆಮೋ ರೂಮಲ್ಲಿ ಕೂರಿಸಿ ಒಂದು ಹೆಲಿಕಾಪ್ಟರ್ ಸೀನ್ ಹಾಕಿದ್ರು, ಹಿಂದಿನಿಂದ ಶುರುವಾಗಿ ತಲೆ ಮೇಲೆ ಹಾದು ಮುಂದಕ್ಕೆ ಹೋಯ್ತು, ನಿಜವಾಗ್ಲೂ ಕತ್ತು ಎತ್ತಿ ಮೇಲೆ ನೋಡ್ದೆ. "ಸರ್, ಸರೌಂಡ್ ಅಂದ್ರೇನೇ ಹಿಂದಿನ್ ಸ್ಪೀಕರ್, ಅಲ್ಲಿ ಕಾಸು ಉಳಿಸ್ಬೇಡಿ" ಅಂದ್ರು. ನಂಗೂ ಸರಿ ಅನ್ನಿಸ್ತು, ಹೆಸರೇ ಸರೌಂಡ್ ಸೌಂಡ್ ಅಲ್ವಾ. 26 ಸಾವಿರ ಕೊಟ್ಟು ಮೂರಡಿ ಎತ್ತರದ ಟವರ್ ಜೋಡಿ ತಗೊಂಡೆ, ಮಿಕ್ಕಿದ್ರಲ್ಲಿ ಒಂದು ಸಾಧಾರಣ ಸಬ್‌ವೂಫರ್ರು (ಬರೀ ಬೇಸ್ ಸದ್ದಿಂದು), ವೈರು. ಸೆಂಟರ್ ಆಮೇಲೆ ನೋಡೋಣ, ಅದಿಲ್ಲದೇ ಇದ್ರೂ ರಿಸೀವರ್ ಮಾತನ್ನ ಎಡ ಬಲಕ್ಕೆ ಹಂಚುತ್ತಂತಲ್ಲ ಅಂದ್ಕೊಂಡೆ. ಹಂಚುತ್ತೆ, ಅದು ಸುಳ್ಳಲ್ಲ, ಆದ್ರೆ ಹಂಚೋದಂದ್ರೆ ಏನು ಅಂತ ನಂಗೆ ಗೊತ್ತಿರ್ಲಿಲ್ಲ.

ಈ ತಪ್ಪನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಂಗಡೀಲಿ ಯಾರೂ ಹೇಳಲ್ಲ, ಯೂಟ್ಯೂಬ್ ರಿವ್ಯೂ ಮಾಡೋರು ದೊಡ್ಡ ರೂಮಲ್ಲಿ ಕೂತಿರ್ತಾರೆ. ಡೆಮೋ ರೂಮು ಕಮ್ಮಿ ಅಂದ್ರೂ 20 ಅಡಿ ಉದ್ದ ಇತ್ತು, ನಾನು ಕೂತಿದ್ದ ಕುರ್ಚಿಯಿಂದ ಹಿಂದಿನ ಟವರ್‌ಗಳು ಎಂಟು ಅಡಿ ದೂರ. ನಮ್ಮನೇಲಿ ಸೋಫಾ ಹಿಂದಿನ ಗೋಡೆಗೇ ಇತ್ತು, ಅದರ ಆ ತುದೀಲೊಂದು ಈ ತುದೀಲೊಂದು ಟವರ್ ನಿಲ್ಲಿಸಿದೆ, ಬೇರೆ ಜಾಗಾನೇ ಇರ್ಲಿಲ್ಲ. ಅಪ್ಪ ಕೂರೋದು ಯಾವಾಗ್ಲೂ ಸೋಫಾದ ಬಲಗಡೆ ಮೂಲೇಲಿ, ಕಿಟಕಿ ಪಕ್ಕ, ಬೆಳಕಿಗೆ ಪೇಪರ್ ಓದ್ಬೋದು ಅಂತ. ಅಂದ್ರೆ ಬಲಗಡೆ ಟವರ್ ಅವ್ರ ಕಿವಿಯಿಂದ ಒಂದೂವರೆ ಅಡಿ. ಮುಂದಿನ ಸ್ಪೀಕರ್‌ಗಳು ಅವ್ರಿಂದ ಹತ್ತತ್ರ ಹತ್ತಡಿ.

ಈಗ ಲೆಕ್ಕ ನೋಡಿ. ಬಯಲಲ್ಲಾದ್ರೆ ಸ್ಪೀಕರ್‌ಗೂ ಕಿವಿಗೂ ನಡುವಿನ ದೂರ ಅರ್ಧಕ್ಕೆ ಇಳಿದಾಗೆಲ್ಲ ಸದ್ದು 6 ಡೆಸಿಬಲ್ ಏರುತ್ತೆ. ಹತ್ತು ಅಡಿ ಐದಾಗಿ, ಐದು ಎರಡೂವರೆ ಆಗಿ, ಇನ್ನೂ ಅರ್ಧ ಆದ್ರೆ ಒಂದೂಕಾಲು, ಅಲ್ಲಿಗೆ 18 ಡೆಸಿಬಲ್, ಅಪ್ಪನ ಒಂದೂವರೆ ಅಡಿಗೆ ಅದಕ್ಕಿಂತ ಸ್ವಲ್ಪ ಕಮ್ಮಿ. ಮನೆ ಒಳಗೆ ಗೋಡೆಗಳಿಂದ ವಾಪಸ್ ಬರೋ ಸದ್ದೂ ಸೇರ್ಕೊಳ್ಳುತ್ತೆ, ಹಾಗಾಗಿ ಅಷ್ಟು ವ್ಯತ್ಯಾಸ ಬರಲ್ಲ, ಆದ್ರೂ ತುಂಬಾನೇ ಬರುತ್ತೆ. ಅದು ಸಾಲ್ದು ಅಂತ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತೆ ಅನ್ನೋ ಅಂಕಿ ಅದು, ಡಬ್ಬಿ ಮೇಲೋ ಮ್ಯಾನುಯಲ್ಲಲ್ಲೋ ಇರುತ್ತೆ. ನನ್ ಮುಂದಿನ ಸ್ಪೀಕರ್‌ದು 86, ಹಿಂದಿನ ಟವರ್‌ದು 91. ಐದೇ ಅಲ್ವಾ ಅನ್ಸುತ್ತೆ, ಆದ್ರೆ ಆ ಐದನ್ನ ಮುಂದಿನ ಪುಟ್ಟ ಸ್ಪೀಕರ್ ತುಂಬಿಸ್ಬೇಕು ಅಂದ್ರೆ ಅದಕ್ಕೆ ಮೂರು ಪಟ್ಟಿಗಿಂತ ಜಾಸ್ತಿ ವ್ಯಾಟ್ ಬೇಕು. ಹತ್ತಿರಾನೂ ಟವರ್ರೇ, ಗಟ್ಟೀನೂ ಟವರ್ರೇ. ಮಾತು ಬರೋದು ಮುಂದಿನ ದುರ್ಬಲ ಜೋಡಿಯಿಂದ, ಮಳೆ ಗುಡುಗು ಜನರ ಗಲಾಟೆ ಬರೋದು ಕಿವಿ ಪಕ್ಕದ ಟವರಿಂದ.

ವಯಸ್ಸಾದೋರ ಕಿವಿ ಬೇರೆ. ವಯಸ್ಸಿಗೆ ಮೊದ್ಲು ಹೋಗೋದು ಕೀಚು ಸ್ವರ, ಅಂದ್ರೆ ಹೈ ಫ್ರೀಕ್ವೆನ್ಸಿ. ಮಾತಲ್ಲಿ ಸ, ಶ, ತ, ಕ ಥರದ ವ್ಯಂಜನಗಳು ಗೊತ್ತಾಗೋದೇ ಅದ್ರಿಂದ. ಅವ್ರಿಗೆ ದನಿ ಕೇಳ್ಸುತ್ತೆ, ಪದ ಕೇಳ್ಸಲ್ಲ. ಪಕ್ಕದಲ್ಲೇ ಮಳೆ ಸುರೀತಿದ್ರೆ ಇನ್ನೇನ್ ಕೇಳ್ಸುತ್ತೆ ಹೇಳಿ, ಮಳೆ ಸದ್ದೂ ಆ ವ್ಯಂಜನಗಳೂ ಒಂದೇ ಜಾಗಕ್ಕೆ ಬಂದು ಬೀಳ್ತವೆ.

ಇನ್ನು ಸೆಂಟರ್ ಇಲ್ಲದ ಕಥೆ. ಮಾತನ್ನ ಎಡ ಬಲ ಎರಡರಲ್ಲೂ ಸಮ ಹಾಕಿದ್ರೆ ಸರಿ ಮಧ್ಯ ಕೂತೋನಿಗೆ ಅದು ಟಿವಿಯಿಂದಾನೇ ಬಂದಂಗೆ ಇರುತ್ತೆ. ಮೂಲೇಲಿ ಕೂತೋರಿಗೆ ಒಂದು ಸ್ಪೀಕರ್ ಹತ್ರ ಇನ್ನೊಂದು ದೂರ, ಅದೇ ಮಾತು ಒಂದು ಮೊದ್ಲು ಇನ್ನೊಂದು ಸ್ವಲ್ಪ ತಡವಾಗಿ ಬಂದು ಒಂದನ್ನೊಂದು ಕೆಡಿಸ್ತವೆ, ಕೆಲವು ಸ್ವರ ಕಮ್ಮಿ ಆಗುತ್ತೆ, ಕೆಲವು ಜಾಸ್ತಿ ಆಗುತ್ತೆ, ಮಾತು ಕಲಸೋಗುತ್ತೆ. ನಾನು ಸೆಟಪ್ ಮಾಡೋವಾಗ ಸೋಫಾ ಮಧ್ಯ ಕೂತು ಚೆಕ್ ಮಾಡ್ತಿದ್ದೆ, ಅಲ್ಲಿ ಪರ್ವಾಗಿಲ್ಲ ಅನ್ನಿಸ್ತಿತ್ತು. ಅಪ್ಪ ಕೂರೋ ಜಾಗದಲ್ಲಿ ಒಂದೇ ಒಂದು ಸಲ ಕೂತು ಕೇಳಿದ್ರೆ ಮುಗೀತಿತ್ತು. ಕೂರ್ಲಿಲ್ಲ. ನಂಗೆ ಇವತ್ತಿಗೂ ಬೇಜಾರಾಗೋದು ಅದಕ್ಕೇನೇ, ದುಡ್ಡಿಗಲ್ಲ.

ಅಪ್ಪ ಎರಡು ವಾರ ಏನೂ ಹೇಳ್ಲಿಲ್ಲ. ಮಗ ಆಸೆಯಿಂದ ತಂದಿದಾನೆ ಅಂತ ದಿನಾ ರಾತ್ರಿ ನಮ್ ಜೊತೆ ಕೂರೋರು. ಆಮೇಲೆ ಊಟದ ಟೇಬಲ್ ಕುರ್ಚಿಗೆ ಹೋಗಿ ಕೂರೋಕೆ ಶುರು ಮಾಡಿದ್ರು, ಆಮೇಲೆ ರೂಮಿಗೆ ಹೋಗಿ ರೇಡಿಯೋ ಹಾಕ್ಕೊಳ್ಳೋರು. ನಾನೇ ಒತ್ತಾಯ ಮಾಡಿ ಕೇಳ್ದಾಗ "ಮಳೆ ಚೆನ್ನಾಗ್ ಕೇಳುತ್ತಪ್ಪ, ಅವ್ರೇನ್ ಮಾತಾಡ್ತಾರೆ ಅಂತ್ಲೇ ತಿಳಿಯಲ್ಲ" ಅಂದ್ರು.

ರಿಸೀವರೇ ಕೆಟ್ಟಿದೆ ಅಂದ್ಕೊಂಡು ನಮ್ ಏರಿಯಾದ ರಿಪೇರಿ ಅಂಗಡಿಯವ್ರನ್ನ ಕರ್ಕೊಂಡ್ ಬಂದೆ. ವಯಸ್ಸಾದೋರು, ಮೊದ್ಲೆಲ್ಲ ಟೇಪ್ ರೆಕಾರ್ಡರ್ ರಿಪೇರಿ ಮಾಡ್ತಿದ್ದೋರು. ಅವ್ರು ಬಂದು ರಿಸೀವರ್ ಮುಟ್ಲೇ ಇಲ್ಲ, "ಮನೇಲಿ ಯಜಮಾನ್ರು ಎಲ್ಲಿ ಕೂರ್ತಾರೆ" ಅಂತ ಕೇಳಿ ಹೋಗಿ ಅಪ್ಪನ ಜಾಗದಲ್ಲಿ ಕೂತ್ರು, ಎರಡು ನಿಮಿಷ ಕೇಳಿದ್ರು, ಎದ್ದು ಹಿಂದಿನ ಎರಡೂ ಟವರ್ ವೈರ್ ಕಿತ್ರು. ನ್ಯೂಸ್ ಹಾಕಿ ಅಂದ್ರು. ಒಳಗಿದ್ದ ಅಪ್ಪ ಹಾಲ್‌ಗೆ ಬಂದು ನಿಂತ್ಕೊಂಡು ಕೇಳೋಕೆ ಶುರು ಮಾಡಿದ್ರು. "ಮೊದ್ಲು ಮುಂದೆ ಮೂರು ಸರಿ ಮಾಡ್ಕೊಳ್ಳಿ ಸರ್, ಹಿಂದಕ್ಕೆ ಅಂಗೈ ಅಗಲದ್ದು ಸಾಕು" ಅಂತ ಹೇಳಿ ನೂರು ರೂಪಾಯಿ ತಗೊಂಡು ಹೋದ್ರು.

ಟವರ್ ಜೋಡಿ ವಾಪಸ್ ತಗೊಳ್ಳಲ್ಲ ಅಂದ್ರು ಅಂಗಡಿಯವ್ರು. ಎರಡು ತಿಂಗಳು ಓಡಾಡಿ 14 ಸಾವಿರಕ್ಕೆ ಮಾರ್ದೆ, ಅಲ್ಲಿಗೆ 12 ಸಾವಿರ ಹೋಯ್ತು. ಆ 14ರಲ್ಲಿ 7 ಸಾವಿರಕ್ಕೆ ನನ್ ಮುಂದಿನ ಸ್ಪೀಕರ್‌ಗಳದ್ದೇ ಕಂಪನಿ, ಅದೇ ಸೀರೀಸ್ ಸೆಂಟರ್ ಸೆಕೆಂಡ್ ಹ್ಯಾಂಡ್ ಸಿಕ್ತು, 5 ಸಾವಿರಕ್ಕೆ ನಾಲ್ಕು ಇಂಚು ಡ್ರೈವರ್ (ಸದ್ದು ಮಾಡೋ ದುಂಡು ಕೋನ್) ಇರೋ ಪುಟ್ಟ ಜೋಡಿ ಹಿಂದಕ್ಕೆ. ಆ ಪುಟ್ಟ ಜೋಡೀನೇ ಇವತ್ತಿಗೂ ನಮ್ಮನೇಲಿ ಇದೆ, ಮನೆ ಎರಡು ಸಲ ಬದಲಾಯ್ತು, ಅದು ಬದಲಾಗಿಲ್ಲ.

ಹಾಗಾಗಿ ನಿಮ್ ಟವರಾ ಬೈಪೋಲಾ ಪ್ರಶ್ನೆಗೆ ನನ್ ಉತ್ತರ ಎರಡೂ ಬೇಡ. ಪ್ರಶ್ನೇನೇ ಬದಲಾಯಿಸಿ. 20 ಸಾವಿರ ಇದ್ರೆ ಅರ್ಧಕ್ಕಿಂತ ಜಾಸ್ತಿ ಸೆಂಟರ್‌ಗೆ ಇಡಿ. 5.1 ಸಿನಿಮಾದಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್, ಒಂದೊಂದಕ್ಕೂ ಬೇರೆ ಸದ್ದಿನ ಚಾನೆಲ್) ಮಾತು ಬಹುಪಾಲು ಬರೋದೇ ಸೆಂಟರ್ ಚಾನೆಲ್ಲಲ್ಲಿ, ಹಿಂದಿನ ಚಾನೆಲ್ಲಲ್ಲಿ ಬರೋದು ಸಾಮಾನ್ಯವಾಗಿ ಮಳೆ, ಗಾಳಿ, ಸಂತೆ ಗದ್ದಲ, ದೇವಸ್ಥಾನದೊಳಗಿನ ಗುಂಯ್ ಅನ್ನೋ ಪ್ರತಿಧ್ವನಿ, ಆಗೊಮ್ಮೆ ಈಗೊಮ್ಮೆ ಹಾದುಹೋಗೋ ಗಾಡಿ. ಎರಡೂವರೆ ಗಂಟೆ ಸಿನಿಮಾದಲ್ಲಿ ಅವು ತುಂಬಾ ಹೊತ್ತು ಸುಮ್ನೇ ಇರ್ತವೆ. ಸೆಂಟರ್ ಮಾತ್ರ ಮುಂದಿನ ಎರಡರ ಕಂಪನಿ, ಅದೇ ಸೀರೀಸ್ ಆಗಿರ್ಲಿ, ಮಾತಾಡ್ತಾ ಒಬ್ರು ಪರದೆ ಮೇಲೆ ಎಡದಿಂದ ಬಲಕ್ಕೆ ನಡೆದ್ರೆ ದನಿ ಬದಲಾಗ್ಬಾರ್ದು. ಹಿಂದಿನದಕ್ಕೆ ಆ ಹಠ ಬೇಡ.

ದೊಡ್ಡ ಟವರ್ ಹಿಂದೆ ಯಾಕ್ ಬೇಡ ಅಂದ್ರೆ ಜಾಗ ಒಂದೇ ಅಲ್ಲ. ರಿಸೀವರ್‌ನಲ್ಲಿ ಹಿಂದಿನ ಸ್ಪೀಕರನ್ನ ಸ್ಮಾಲ್ ಅಂತ ಇಟ್ಟು ಕ್ರಾಸ್‌ಓವರ್, ಅಂದ್ರೆ ಬೇಸ್ ಬೇರೆಯಾಗೋ ಗಡಿ, 80 ಹರ್ಟ್ಸ್‌ಗೆ ಹಾಕಿದ್ರೆ ಅದಕ್ಕಿಂತ ಕೆಳಗಿನ ಬೇಸ್ ಪೂರ್ತಿ ಸಬ್‌ವೂಫರ್‌ಗೆ ಹೋಗುತ್ತೆ. ಅಷ್ಟು ಕೆಳಗಿನ ಸದ್ದು ಯಾವ ಕಡೆಯಿಂದ ಬಂತು ಅಂತ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ. ಟವರ್‌ನ ದೊಡ್ಡ ಡಬ್ಬಿಗೆ ನೀವು ಕೊಡೋ ದುಡ್ಡು ಆ ಬೇಸ್‌ಗೇನೇ, ಅದನ್ನ ಬಳಸೋದೇ ಇಲ್ಲ. ತೀರಾ ಪುಟ್ಟದಾದ್ರೆ, ಮೂರು ಇಂಚಿಂದು ಅಂದ್ಕೊಳ್ಳಿ, ಕ್ರಾಸ್‌ಓವರ್ 120 ತನಕ ಏರಿಸ್ಬೇಕಾಗ್ಬೋದು, ಅದಕ್ಕೇ ನಾಲ್ಕು ಇಂಚು ಅಂತೀನಿ.

ಬೈಪೋಲ್ ಬಗ್ಗೆ ನಿಮ್ಗೆ ಹೇಳಿದೋರು ತಪ್ಪು ಹೇಳಿಲ್ಲ. ಎರಡು ದಿಕ್ಕಿಗೆ ಸದ್ದು ಬಿಡುತ್ತೆ, ಹತ್ರ ಕೂತೋರಿಗೆ ಒಂದೇ ಕಡೆಯಿಂದ ಚುಚ್ಚಲ್ಲ, ಸಣ್ಣ ರೂಮಿಗೆ ಒಳ್ಳೇದೇ. ಆದ್ರೆ ನಿಮ್ ಬಜೆಟ್ಟಲ್ಲಿ ಅದಕ್ಕೆ ಹೋದ್ರೆ ಸೆಂಟರ್‌ಗೆ ಏನೂ ಉಳಿಯಲ್ಲ. ಮಾಮೂಲಿ ಪುಟ್ಟ ಸ್ಪೀಕರನ್ನೇ ಪಕ್ಕದ ಗೋಡೆ ಮೇಲೆ, ಕೂತಾಗ ಕಿವಿ ಇರೋ ಎತ್ತರಕ್ಕಿಂತ ಒಂದೂವರೆ ಎರಡು ಅಡಿ ಮೇಲೆ ಹಾಕಿ, ಮುಖ ನಿಮ್ ಕಿವಿಗಲ್ಲ, ಆ ಕಡೆ ಇರೋ ಇನ್ನೊಂದು ಪಕ್ಕದ ಗೋಡೆ ಕಡೆಗೆ, ತಲೆ ಮೇಲಿಂದ ಹಾದುಹೋಗೋ ಹಾಗೆ. ಮೂಲೇಲಿ ಕೂತೋರಿಗೂ ಆಗ ಸ್ಪೀಕರ್ ಕಿವಿಗೆ ಒದೆಯಲ್ಲ. 5.1ಗೆ ಡಾಲ್ಬಿ ಕಂಪನಿ ಹೇಳೋ ಕೋನ ನೇರ ಮುಂದಿನಿಂದ ಅಳೆದ್ರೆ 110ರಿಂದ 120 ಡಿಗ್ರಿ, ಅಂದ್ರೆ ಕಿವಿಗಿಂತ ಸ್ವಲ್ಪ ಹಿಂದಕ್ಕೆ. ಗಮನಿಸಿ, ಅದು ಬೆನ್ನ ಹಿಂದೆ ಅಲ್ಲ, ಪಕ್ಕ. ನಮ್ ಜನ "ಹಿಂದಿನ್ ಸ್ಪೀಕರ್" ಅಂತ ಕರೆದು ಕರೆದೇ ಹಿಂದಿನ ಗೋಡೆಗೆ ಹೊಡೀತಾರೆ, ನಾನೂ ಅದನ್ನೇ ಮಾಡಿದ್ದು. ನಿಮ್ ಸೋಫಾ ಗೋಡೆಗೆ ಅಂಟಿರೋದ್ರಿಂದ ಸರಿಯಾಗಿ 110 ಸಿಗಲ್ಲ, ಸರಿ ಪಕ್ಕ 90 ಡಿಗ್ರಿ ಹತ್ರ ಬಂದ್ರೂ ಚಿಂತೆ ಇಲ್ಲ. ಸೋಫಾನ ಒಂದಡಿ ಮುಂದಕ್ಕೆ ಎಳೆಯೋಕಾದ್ರೆ ಎಳೀರಿ, ಕಾಸು ಖರ್ಚಿಲ್ದೆ ಅದಕ್ಕಿಂತ ದೊಡ್ಡ ಸುಧಾರಣೆ ಇಲ್ಲ.

ಬಾಡಿಗೆ ಮನೆ ಅಂತ ಬರ್ದಿದೀರಿ. ಡ್ರಿಲ್ ಮಾಡೋಕೆ ಮುಂಚೆ ಓನರ್ ಹತ್ರ ಕೇಳ್ಬಿಡಿ, ಅಡ್ವಾನ್ಸ್ ವಾಪಸ್ ಕೊಡೋವಾಗ ಗೋಡೆ ತೂತಿಗೆ ಅಂತ ಹಿಡ್ಕೊಳ್ತಾರೆ. ಬೇಡ ಅಂದ್ರೆ ಒಂದು ಕಡೆ ಪುಸ್ತಕದ ಬೀರು ಮೇಲೆ, ಇನ್ನೊಂದು ಕಡೆ ಸ್ಟ್ಯಾಂಡ್ ಮೇಲೆ ಇಟ್ರೂ ನಡೆಯುತ್ತೆ, ಎರಡೂ ಹತ್ತತ್ರ ಒಂದೇ ಎತ್ತರ ಇರ್ಲಿ.

ವೈರಿಗೆ ಜಾಸ್ತಿ ಸುರೀಬೇಡಿ. ಸ್ಪೀಕರ್ ವೈರ್ ಅಂತ್ಲೇ ಬೇಕಾದ್ರೆ 16 ಗೇಜ್ ತಗೊಳ್ಳಿ, ಇಲ್ಲಾಂದ್ರೆ ಎಲೆಕ್ಟ್ರಿಕಲ್ ಅಂಗಡೀಲಿ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಕೆಂಪು ಒಂದು ಕಪ್ಪು ಒಂದು ತಗೊಂಡ್ರೂ ಅಷ್ಟೇ ಕೆಲಸ ಮಾಡುತ್ತೆ. ಅಗ್ಗಕ್ಕೆ ಸಿಗೋ ಕೆಲವು ಸ್ಪೀಕರ್ ವೈರ್ ಅಲ್ಯೂಮಿನಿಯಂಗೆ ತಾಮ್ರದ ಲೇಪ, ಎಳೆಯನ್ನ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ಬಿಡಿ. ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ಸೇರ್ಬೇಕು, ಒಂದು ಉಲ್ಟಾ ಆದ್ರೂ ಸದ್ದು ಬರುತ್ತೆ ಆದ್ರೆ ತೆಳ್ಳಗೆ, ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದ ಥರ ಇರುತ್ತೆ.

ಒಂದು ಡಬ್ಬಿಯಲ್ಲಿ ಐದು ಸ್ಪೀಕರ್ ಬರೋ ಹಳೇ ಡಿವಿಡಿ ಸೆಟ್‌ಗಳ ಪುಟ್ಟ ಸ್ಯಾಟಲೈಟ್ ಸ್ಪೀಕರ್ ಮಾತ್ರ ಬಿಡಿಯಾಗಿ ಮಾರ್ತಿರ್ತಾರೆ, ಅದಕ್ಕೆ ಕೈ ಹಾಕೋ ಮುಂಚೆ ಹಿಂದೆ ಬರೆದಿರೋ ಓಮ್ (ಕರೆಂಟಿಗೆ ಒಡ್ಡೋ ತಡೆ) ನೋಡಿ. ತುಂಬಾ ಸೆಟ್‌ಗಳದ್ದು 3 ಅಥವಾ 4 ಓಮ್ ಇರುತ್ತೆ. ನಿಮ್ ರಿಸೀವರ್ ಹಿಂಭಾಗದಲ್ಲಿ ಕಮ್ಮಿ ಅಂದ್ರೆ ಎಷ್ಟು ಓಮ್ ಅಂತ ಬರೆದಿರುತ್ತೆ, ಹೆಚ್ಚಾಗಿ 6. ಅದಕ್ಕಿಂತ ಕಮ್ಮಿದು ಹಾಕಿದ್ರೆ ವಾಲ್ಯೂಮ್ ಏರಿಸಿದಾಗ ರಿಸೀವರ್ ಬಿಸಿಯಾಗಿ ತಾನೇ ಆಫ್ ಆಗ್ಬೋದು. ಪಿಎಂಪಿಓ (ಜಾಹೀರಾತಿಗೆ ಉಬ್ಬಿಸಿದ ಅಂಕಿ) ಇಷ್ಟು ಸಾವಿರ ವ್ಯಾಟ್ ಅಂತ ಬರ್ದಿದ್ರೆ ಆ ಅಂಕಿಯನ್ನ ಓದೋದೇ ಬೇಡ, ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡೋ ವ್ಯಾಟ್, ನೋಡಿ.

ತಂದ್ಮೇಲೆ ರಿಸೀವರ್ ಜೊತೆ ಬಂದ ಮೈಕ್ ಇದ್ಯಾ ಹುಡ್ಕಿ. ಡೆನನ್ ಆದ್ರೆ ಆಡಿಸ್ಸಿ, ಯಮಹಾ ಆದ್ರೆ ವೈಪಾವೋ ಅಂತಿರುತ್ತೆ, ಅದೇ ದೂರ ಅಳೆದು ಪ್ರತಿ ಸ್ಪೀಕರ್ ಸದ್ದು ಹೊಂದಿಸುತ್ತೆ. ನಂದು ಸೆಕೆಂಡ್ ಹ್ಯಾಂಡ್ ಆದ್ದರಿಂದ ಮೈಕ್ ಇರ್ಲಿಲ್ಲ, ನಾನು ಹಾಗೇ ಬಿಟ್ಟೆ, ಟೇಪ್ ಹಿಡಿದು ದೂರ ಅಳೆದು ಕೈಯಲ್ಲೇ ಹಾಕ್ಬೋದಿತ್ತು. ಮೈಕ್ ಇದ್ರೂ ಅದು ಮಧ್ಯದ ಸೀಟಿಗೆ ಹೊಂದಿಸುತ್ತೆ, ಒಂದೂವರೆ ಅಡಿಯಲ್ಲಿರೋ ಟವರನ್ನ ಮೂಲೆ ಸೀಟಿಗೂ ಸರಿ ಮಾಡೋಕೆ ಯಾವ ಮೈಕಿಂದಾನೂ ಆಗಲ್ಲ. ಅದು ಮುಗಿದ್ಮೇಲೆ ಸೆಂಟರನ್ನ 2 ಡೆಸಿಬಲ್ ಏರಿಸಿ, ವಯಸ್ಸಾದೋರು ಇರೋ ಮನೇಲಿ ನಾನು ಯಾವಾಗ್ಲೂ ಏರಿಸ್ತೀನಿ. ಟಿವಿ ಆಪ್‌ಗಳಿಂದ ಎಚ್‌ಡಿಎಂಐ ಎಆರ್‌ಸಿ (ಟಿವಿ ಸದ್ದನ್ನ ರಿಸೀವರ್‌ಗೆ ಕಳಿಸೋ ಕನೆಕ್ಷನ್) ಮೇಲೆ ಸೌಂಡ್ ತರ್ತಿದ್ರೆ ಟಿವಿ ಸೆಟಿಂಗಲ್ಲಿ ಪಿಸಿಎಂ ಬದ್ಲು ಬಿಟ್‌ಸ್ಟ್ರೀಮ್ ಅಥವಾ ಪಾಸ್ ಥ್ರೂ ಇರ್ಬೇಕು, ಇಲ್ಲಾಂದ್ರೆ ಬರೋದು ಎರಡೇ ಚಾನೆಲ್, ಸ್ಪೀಕರ್ ಕೆಟ್ಟಿದೆ ಅಂದ್ಕೊಳ್ತೀರಿ.

ಇನ್ನೂ ಒಂದು, ಹಾಲ್ ಮಧ್ಯ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಟೈಂಯ್ ಅಂತ ವಾಪಸ್ ಬಂದ್ರೆ ಒಂದು ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ ಆಮೇಲೆ ಸ್ಪೀಕರ್ ತಗೊಳ್ಳಿ. ನಮ್ಮಮ್ಮ ಮದುವೇಲಿ ತಂದಿದ್ದ ಜಮಖಾನ ಟ್ರಂಕಲ್ಲಿ ಮಡಚಿಟ್ಟಿತ್ತು, ಅದನ್ನ ಟಿವಿ ಮುಂದೆ ಹಾಸಿದ ದಿನ ಮಾತು ಎಷ್ಟು ಬಿಡಿಸಿ ಕೇಳ್ತು ಅಂದ್ರೆ, ಸೆಂಟರ್ ತಂದ ದಿನಕ್ಕಿಂತ ಸ್ವಲ್ಪ ಕಮ್ಮಿ ಅಷ್ಟೇ.

ಅಂಗಡಿಗೆ ಹೋದ್ರೆ ಹೆಲಿಕಾಪ್ಟರ್ ಡೆಮೋ ಬೇಡ ಅನ್ನಿ. ನಿಮ್ಮಮ್ಮ ನೋಡೋ ಸೀರಿಯಲ್‌ನ ಒಂದು ಎಪಿಸೋಡ್ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ, ಅಡುಗೆ ಮನೇಲಿ ಇಬ್ರು ಪಿಸುಮಾತಾಡೋ ಸೀನ್ ಹಾಕ್ಸಿ, ಕಣ್ಮುಚ್ಚಿ ಕೇಳಿ. ಸೀರಿಯಲ್ಲು ನ್ಯೂಸು ಹೆಚ್ಚಿನವು ಬರೀ ಸ್ಟೀರಿಯೋ, ರಿಸೀವರಲ್ಲಿ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಮೋಡ್ ಹಾಕಿದ್ರೆ ಎರಡರಲ್ಲೂ ಸಮ ಇರೋ ಮಾತನ್ನ ಅದೇ ಹೆಕ್ಕಿ ಸೆಂಟರ್‌ಗೆ ಕೊಡುತ್ತೆ. ಅಂದ್ರೆ ನೀವು ಇವತ್ತು ಸೆಂಟರ್ ತಗೊಂಡ್ರೆ ನಾಳೆ ಬೆಳಗ್ಗೆಯಿಂದ ಅಮ್ಮಂಗೆ ದಿನಾ ಉಪಯೋಗ, ಸರೌಂಡ್ ತಗೊಂಡ್ರೆ ವಾರಕ್ಕೊಂದು ಸಿನಿಮಾಗೆ.

ನಿಮ್ಮಮ್ಮ ಸೋಫಾದಲ್ಲಿ ಎಲ್ಲಿ ಕೂರ್ತಾರೆ ಅಂತ ನೀವು ಬರ್ದಿಲ್ಲ. ಆ ಜಾಗದಿಂದ ಎಡಗೋಡೆ, ಬಲಗೋಡೆ, ಟಿವಿ ಮೂರಕ್ಕೂ ಎಷ್ಟೆಷ್ಟು ಅಡಿ ಅಂತ ಟೇಪ್ ಹಿಡಿದು ಅಳೀರಿ, ಈಗಿರೋ ಮುಂದಿನ ಸ್ಪೀಕರ್ ಮಾಡೆಲ್ ಹೆಸ್ರೂ ಸೇರಿಸಿ ಕಾಮೆಂಟಲ್ಲಿ ಹಾಕಿ, ಅದಕ್ಕೆ ಹೊಂದೋ ಸೆಂಟರ್ ಯಾವ್ದು ಅಂತ ನಾನೇ ಹುಡುಕಿ ಹೇಳ್ತೀನಿ.